ಎಡಗಿವಿಯಲ್ಲಿ ಮಳೆಗಾಲ

ಮೂರು ವಾರದಿಂದ ಒಂದು ಅಂಗೈಯಗಲದ ಹೆಡ್‌ಫೋನ್ ಆಂಪ್ಲಿಫೈಯರ್ ನನ್ನ ಜೀವ ತಿಂತಾ ಇತ್ತು, ಮೊನ್ನೆ ಶನಿವಾರ ರಾತ್ರಿ ಕಳ್ಳ ಸಿಕ್ಕಿಬಿದ್ದ. ಬಿಸಿ ಆರೋದ್ರೊಳಗೆ ಬರೆದಿಡ್ತೀನಿ, ಇಲ್ಲಾಂದ್ರೆ ಮುಂದಿನ ಮಳೆಗಾಲದ ಹೊತ್ತಿಗೆ ನಾನೇ ಮರೆತು ಮತ್ತೆ ಇದೇ ಹಳ್ಳಕ್ಕೆ ಬೀಳೋದು ಗ್ಯಾರಂಟಿ.

ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಧಾರವಾಡದಲ್ಲಿ ಬಿಕಾಂ ಮಾಡ್ದೆ, ಹೊಟ್ಟೆಪಾಡಿಗೆ ಮುಂಬೈಗೆ ಬಂದೆ, 16 ವರ್ಷದಿಂದ ಡೊಂಬಿವಲಿ ಈಸ್ಟ್‌ನಲ್ಲಿದೀನಿ, ಐರೋಲಿಯ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಸೋಲ್ಡರಿಂಗ್ ಹುಚ್ಚು ಹತ್ತಿದ್ದು ಲಾಕ್‌ಡೌನ್‌ನಲ್ಲಿ. ಮೊದಲು ಉದ್ದ ಕಾಲಿನ ಪಾರ್ಟ್ಸು, ತೂತಿನ ಬೋರ್ಡು, ಎಲ್ಲಾ ಸಲೀಸು. ಈ ಸಲ ಎಸ್‌ಎಂಡಿ ಮಾಡೇಬಿಡೋಣ ಅಂತ ಹೊರಟೆ, ಅಂದ್ರೆ ತೂತಿಲ್ಲದೆ ಬೋರ್ಡಿನ ಮೈಮೇಲೇ ಬೆಸೆಯೋ ಚಿಕ್ಕ ಪಾರ್ಟ್ಸು, ಯಾಕಂದ್ರೆ ಸಿಗ್ನಲ್ ದೊಡ್ಡದು ಮಾಡೋ ಚಿಪ್ಪುಗಳಾದ ಎಷ್ಟೋ ಒಳ್ಳೊಳ್ಳೆ ಆಪ್-ಆಂಪ್‌ಗಳು ಈಗ ಎಸ್‌ಎಂಡಿಯಲ್ಲಷ್ಟೇ ಬರ್ತಾವೆ, ಕಾಲಿರೋ ಚಿಪ್ಪಿಗೆ ಕಾಯ್ತಾ ಕೂತ್ರೆ ಹಳೇ ಕಾಲದಲ್ಲೇ ಉಳೀಬೇಕು.

ಸರ್ಕ್ಯೂಟ್ ಅಂತೂ ಮಕ್ಕಳಾಟ. ಚು ಮೋಯ್ ಅನ್ನೋರು ಮಾಡಿದ ಡಿಸೈನು, ಅದಕ್ಕೇ ಸಿಮೋಯ್ ಅಂತಾನೇ ಹೆಸರು, ಪ್ರಪಂಚದ ಹೊಸಬರೆಲ್ಲ ಇದನ್ನ ಕಟ್ಟಿ ಪೆಪ್ಪರ್‌ಮಿಂಟ್ ಡಬ್ಬೀಲಿ ಕೂರಿಸ್ತಾರೆ. ಒಂದು ಡ್ಯುಯಲ್ ಆಪ್-ಆಂಪು, ಅಂದ್ರೆ ಒಂದೇ ಚಿಪ್ಪಲ್ಲಿ ಎಡಕ್ಕೊಂದು ಬಲಕ್ಕೊಂದು, ಒಂದೊಂದು ಚಾನೆಲ್ಲಿಗೆ ನಾಲ್ಕೈದು ಪಾರ್ಟು, ಅಷ್ಟೇ. ನಾನು ಒಪಿಎ2134 ಹಾಕ್ದೆ, ಎಸ್‌ಒಐಸಿ ಅನ್ನೋ ಎಂಟು ಕಾಲಿನ ಎಸ್‌ಎಂಡಿ ಚಿಪ್ಪು, ಕಾಲಿಂದ ಕಾಲಿಗೆ 1.27 ಮಿಲಿಮೀಟರ್. 9 ವೋಲ್ಟಿನ ಎರಡು ಬ್ಯಾಟರಿ, ನಡುವೆ ಗ್ರೌಂಡು, ಹಾಗಾಗಿ ಚಿಪ್ಪಿಗೆ ಪ್ಲಸ್ 9, ಮೈನಸ್ 9. ಗೇನ್‌ಗೆ, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನೋದಕ್ಕೆ, 4.7 ಕೆ ಮತ್ತು 1 ಕೆ ರೆಸಿಸ್ಟರ್, ಲೆಕ್ಕಕ್ಕೆ 5.7 ಪಟ್ಟು. ಇನ್‌ಪುಟ್ಟಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ರು, ಆಮೇಲೆ ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್ರು. ಈ ಒಂದು ಮೆಗಾನ ನೆನಪಿಟ್ಕೊಳ್ಳಿ, ಕಥೆಯೆಲ್ಲ ಇದರದ್ದೇ. ಯಾಕೆ ಅಷ್ಟು ದೊಡ್ಡದು ಹಾಕ್ದೆ ಅಂದ್ರೆ ಜಿಪುಣತನ, ರೆಸಿಸ್ಟರ್ ದೊಡ್ಡದಾದ್ರೆ ಕೆಪಾಸಿಟರ್ ಚಿಕ್ಕದು ಸಾಕು, 0.1 ಮೈಕ್ರೋದಲ್ಲೇ 1.6 ಹರ್ಟ್ಸ್ ತನಕ ಬಾಸ್ ಸಿಗುತ್ತೆ, ನನ್ನ ಹತ್ರ 0.1 ಮೈಕ್ರೋದ ಪಟ್ಟಿ ದಂಡಿಯಾಗಿ ಬಿದ್ದಿತ್ತು.

ಎಸ್‌ಎಂಡಿ ಅಂದ್ರೆ ಹೆದರೋರಿಗೆ ನನ್ನ ಅಡುಗೆಮನೆ ಲೆಕ್ಕ ಹೇಳ್ತೀನಿ. ಪಾರ್ಟಿನ ಸೈಜನ್ನ ನಾಲ್ಕಂಕಿ ಕೋಡಲ್ಲಿ ಹೇಳ್ತಾರೆ. 1206 ಅಂದ್ರೆ ಎಳ್ಳು. 0805 ಸಾಸಿವೆ. 0603 ರಾಗಿ. 0402 ಗಸಗಸೆ, ಅದರ ತಂಟೆಗೆ ಹೋಗ್ಬೇಡಿ. ಸಾಸಿವೆ ತನಕ ಯಾರು ಬೇಕಾದ್ರೂ ಮಾಡಬಹುದು, ಕೈ ನಡುಗಿದ್ರೂ ಪರವಾಗಿಲ್ಲ. ಒಂದು ಪ್ಯಾಡಿಗೆ, ಅಂದ್ರೆ ಬೋರ್ಡಿನ ತಾಮ್ರದ ಚುಕ್ಕೆಗೆ, ಮೊದಲೇ ಚೂರು ಸೋಲ್ಡರ್ (ಬೆಸುಗೆಯ ಲೋಹ) ಮುಟ್ಟಿಸಿಟ್ಟು, ಚಿಮಟದಲ್ಲಿ ಪಾರ್ಟ್ ಹಿಡ್ಕೊಂಡು ಆ ಸೋಲ್ಡರ್ ಕರಗಿಸ್ತಾ ಪಕ್ಕದಿಂದ ಒಳಗೆ ತಳ್ಳೋದು, ಅದು ಕಚ್ಕೊಂಡ ಮೇಲೆ ಇನ್ನೊಂದು ಕಡೆ. ಸೋಲ್ಡರಿಂಗ್ ಐರನ್ನಿಗೆ ಸೂಜಿ ಮೊನೆಯ ಬಿಟ್ ತಗೊಂಡ್ರೆ ಶಾಖ ಸಾಲಲ್ಲ, ಉಳಿಯಂಥಾ ಚಪ್ಪಟೆ ಬಿಟ್ಟೇ ಒಳ್ಳೇದು, ಇದು ನನಗೆ ಅರ್ಥ ಆಗೋಕೆ ಎರಡು ಬಿಟ್ ಹಾಳಾಗಬೇಕಾಯ್ತು. ಸೋಲ್ಡರ್ 63/37, ಅಂದ್ರೆ 63 ಪಾಲು ತವರ 37 ಪಾಲು ಸೀಸ, ಅರ್ಧ ಮಿಲಿಮೀಟರ್ ದಪ್ಪದ್ದು, 183 ಡಿಗ್ರಿಗೆ ಸಟ್ಟಂತ ಕರಗಿ ಸಟ್ಟಂತ ಗಟ್ಟಿಯಾಗುತ್ತೆ. ಸೀಸವಿಲ್ಲದ್ದು ಕರಗೋಕೆ 217 ಬೇಕು, ಹೊಸಬರಿಗೆ ಅದು ಸುಮ್ನೆ ತಲೆನೋವು. ಸೀಸದ್ದು ಬಳಸಿದ್ರೆ ಕೈ ತೊಳ್ಕೊಂಡೇ ಊಟಕ್ಕೆ ಕೂತ್ಕೊಳ್ಳಿ. ಇನ್ನೊಂದು, ಕೆಲಸ ಮಾಡೋದು ಅಂಚಿರೋ ಸ್ಟೀಲ್ ತಾಟಿನಲ್ಲಿ, ಇಲ್ಲಾಂದ್ರೆ ಚಿಮಟದಿಂದ ಸಿಡಿದ ರೆಸಿಸ್ಟರ್ ಭೂಮಿ ಮೇಲೆ ಸಿಗಲ್ಲ. ನಮ್ಮನೇಲಿ ಸಿಕ್ಕಿದ್ದೂ ಉಂಟು, ಅಮ್ಮ ಅಕ್ಕಿ ಆರಿಸ್ತಾ ಕೂತವಳು ಕರೆದು, "ಅಕ್ಕ್ಯಾಗಿನ ಹಳ್ಳೋ ನಿನ್ನ ಸಾಮಾನೋ ನೋಡಪಾ" ಅಂತ ಬೆರಳ ತುದೀಲಿ ತೋರಿಸಿದ್ಲು, ಭೂತಗನ್ನಡಿ ಹಿಡಿದು ನೋಡಿದ್ರೆ ಮೇಲೆ 105 ಅಂತ ಬರೆದಿದೆ! ಹತ್ತರ ಮುಂದೆ ಐದು ಸೊನ್ನೆ, ನಮ್ಮ ಒಂದು ಮೆಗಾ. ಕಣ್ಣಿನ ಆಪರೇಶನ್ ಆದವಳು ನನಗಿಂತ ಚೆನ್ನಾಗಿ ನೋಡ್ತಾಳೆ.

ಮೇ ತಿಂಗಳ ಎರಡನೇ ವಾರ ಕಟ್ಟಿ ಮುಗಿಸ್ದೆ. ಮೊದಲ ಸಲಕ್ಕೇ ಹಾಡ್ತು. ಹಳೇ ಸ್ಟೀಲ್ ಡಬ್ಬೀಲಿ ಕೂರಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲ್ಲಿಕಾರ್ಜುನ ಮನಸೂರರನ್ನ ಹಾಕ್ಕೊಂಡು ಕೂತ್ರೆ, ಅವರು ಉಸಿರು ತಗೊಳೋದೂ ಕೇಳ್ತಿತ್ತು. ಒಂದು ತಿಂಗಳು ಸುಖ.

ಜೂನ್ ಅರ್ಧ ಆಗ್ತಿದ್ದ ಹಾಗೆ ಮಳೆ ಹಿಡೀತು, ಎಡಗಿವಿಯಲ್ಲಿ ಏನೋ ಚರಚರ ಶುರುವಾಯ್ತು. ದೂರದಲ್ಲಿ ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಮೊದಲ ವಾರ ನಾನು ಅದು ರೆಕಾರ್ಡಿಂಗಿಂದೇ ಅನ್ಕೊಂಡೆ, ಹಳೇ ರೇಡಿಯೋ ಮುದ್ರಣಗಳಲ್ಲಿ ಅಂಥಾ ಸದ್ದು ಇದ್ದೇ ಇರುತ್ತೆ, ತಂಬೂರಿ ಹಿಂದೆ ಸರಸರ ಅಂತಿದ್ರೆ ಯಾರಿಗೆ ಗೊತ್ತಾಗ್ಬೇಕು. ಆಮೇಲೆ ಒಂದಿನ ಏನೂ ಹಾಡಿಲ್ಲದೆ ಹೆಡ್‌ಫೋನ್ ಚುಚ್ಚಿದ್ರೆ ಎಡಕಿವೀಲಿ ಧಪ್ ಅಂತು. ಬಲಕಿವಿ ಸುಮ್ಮನಿತ್ತು. ಧಪ್ ಅಂದ್ರೆ ಔಟ್‌ಪುಟ್ಟಲ್ಲಿ ಡಿಸಿ, ಅಂದ್ರೆ ಏರಿಳಿತ ಇಲ್ಲದ ವೋಲ್ಟೇಜ್, ಕೂತಿದೆ ಅಂತ ಅರ್ಥ. ಮೀಟರ್ ಇಟ್ಟೆ. ಬಲಕ್ಕೆ ಮೈನಸ್ 4 ಮಿಲಿವೋಲ್ಟ್, ಎಡಕ್ಕೆ ಮೈನಸ್ 380! ಹಾಡಿಲ್ಲದಾಗ ಎರಡೂ ಸೊನ್ನೆ ಹತ್ರ ಇರ್ಬೇಕು. 32 ಓಮ್ ಹೆಡ್‌ಫೋನಿಗೆ 380 ಅಂದ್ರೆ 12 ಮಿಲಿಆಂಪ್ ಸದಾ ಹರೀತಾ ಇರುತ್ತೆ, ಅದರ ಪರದೆ ಒಂದು ಕಡೆಗೆ ವಾಲ್ಕೊಂಡೇ ಕೂತಿರುತ್ತೆ.

ಇನ್ನು ಶುರುವಾಯ್ತು ನನ್ನ ವೈದ್ಯ.

ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಪೆನ್ಸಿಲ್ ತುದೀಲಿ ಬೋರ್ಡ್ ತಟ್ಟಿದ್ರೆ ಕಿವೀಲಿ ಟಿಣ್ ಟಿಣ್ ಅಂತಿತ್ತು, ಸಿಕ್ಕಿಬಿದ್ದ ಅನ್ಕೊಂಡೆ. ಎಕ್ಸ್7ಆರ್ ಜಾತಿಯ ಸಿರಾಮಿಕ್ ಕೆಪಾಸಿಟರ್‌ಗಳಿಗೆ ಈ ಗುಣ ಇದೆ, ಒತ್ತಿದ್ರೆ ತಟ್ಟಿದ್ರೆ ಚೂರು ವೋಲ್ಟೇಜ್ ಹುಟ್ಟಿಸ್ತಾವೆ, ಮೈಕ್ ಥರ. ಸಿ0ಜಿ ಅನ್ನೋ ಜಾತಿಗೆ ಈ ರೋಗ ಇಲ್ಲ, ಆದ್ರೆ ದೊಡ್ಡ ವ್ಯಾಲ್ಯೂನಲ್ಲಿ ಅದು ಸಿಗೋದು ಕಷ್ಟ, ಬೆಲೆನೂ ಜಾಸ್ತಿ. ಸರಿ, ಇರೋ ಪಟ್ಟಿಯಿಂದ ಹೊಸದು ಹಾಕ್ದೆ, ಬೇಕಾದಷ್ಟು ಫ್ಲಕ್ಸ್ ಪೇಸ್ಟ್ (ಬೆಸುಗೆ ಚೆನ್ನಾಗಿ ಹಿಡೀಲಿ ಅಂತ ಹಚ್ಚೋ ಅಂಟು) ಮೆತ್ತಿ. ಎರಡು ದಿನ ಕಮ್ಮಿ ಆದ ಹಾಗಾಯ್ತು, ಮೂರನೇ ದಿನ ಮೈನಸ್ 500. ಈಗ ಯೋಚನೆ ಮಾಡಿದ್ರೆ ನಗು ಬರುತ್ತೆ, ಬಲಗಡೆ ಕೆಪಾಸಿಟರ್ ತಟ್ಟಿದ್ರೂ ಅಷ್ಟೇ ಟಿಣ್ ಅಂತಿತ್ತು, ಅದನ್ನ ನಾನು ತಟ್ಟಿ ನೋಡೇ ಇರ್ಲಿಲ್ಲ.

ಎರಡನೇ ಅನುಮಾನ ಚಿಪ್ಪು ನಕಲಿ ಅಂತ. ಲ್ಯಾಮಿಂಗ್ಟನ್ ರೋಡಲ್ಲಿ ತಗೊಂಡಿದ್ದು. ಈ ರಸ್ತೆಗೆ ಈಗ ಡಾಕ್ಟರ್ ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತ ಹೆಸರು, ಆದ್ರೆ ಹಾಗೆ ಅಂದ್ರೆ ಟ್ಯಾಕ್ಸಿಯವನೂ ಒಂದು ಕ್ಷಣ ಯೋಚನೆ ಮಾಡ್ತಾನೆ, ಯಾವುದೋ ಕಾಲದ ಬ್ರಿಟಿಷ್ ಗವರ್ನರ್ ಹೆಸರೇ ಇನ್ನೂ ಎಲ್ಲರ ಬಾಯಲ್ಲಿ. ಗ್ರಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ನಡೆದ್ರೆ ಆಯ್ತು. ನಮಗೆ ಡೊಂಬಿವಲಿಯಿಂದ ದಾದರ್‌ಗೆ ಬಂದು ವೆಸ್ಟರ್ನ್ ಲೈನ್ ಹಿಡೀಬೇಕು, ಮಳೆಗಾಲದಲ್ಲಿ ಅದೊಂದು ಯಾತ್ರೆ. ಆ ಅಂಗಡಿಯವನನ್ನ ಟ್ರೈನಲ್ಲಿ ನಿಂತು ಮನಸ್ಸಲ್ಲೇ ಎಷ್ಟು ಬೈದಿರಬೇಕು ನಾನು, ಪಾಪ, ಅವನದ್ದೇನೂ ತಪ್ಪಿರ್ಲಿಲ್ಲ.

ಚಿಪ್ ಬಿಚ್ಚೋದು ಹಾಕಿದಷ್ಟು ಸುಲಭ ಅಲ್ಲ. ಬಿಸಿಗಾಳಿ ಊದಿ ಸೋಲ್ಡರ್ ಕರಗಿಸೋ ಹಾಟ್ ಏರ್ ನನ್ನ ಹತ್ರ ಇಲ್ಲ. ಎರಡೂ ಸಾಲಿನ ಕಾಲುಗಳ ಮೇಲೆ ದಂಡಿಯಾಗಿ ಸೋಲ್ಡರ್ ಸುರಿದು, ಆ ಕಡೆ ಈ ಕಡೆ ಬೇಗ ಬೇಗ ಬಿಸಿ ಮಾಡ್ತಾ, ಎರಡೂ ಕರಗಿರೋ ಗಳಿಗೇಲಿ ಮೆಲ್ಲಗೆ ತಳ್ಳಬೇಕು. ಅಂತೂ ಬಂತು, ಬರುವಾಗ 2ನೇ ಕಾಲಿನ ಪ್ಯಾಡನ್ನೂ ಕಿತ್ಕೊಂಡು ಬಂತು. ವೈರಿನ ಒಂದು ಎಳೆ ತೆಗೆದು ಅದಕ್ಕೆ ಸೇತುವೆ ಕಟ್ಟೋಕೆ ಒಂದು ಗಂಟೆ. ರಾತ್ರಿ ಒಂದು ಗಂಟೆಗೆ ಅಮ್ಮ ಎದ್ದು ಬಂದು, "ಏನೋ ಇದು, ಇಷ್ಟೊತ್ತಿನ್ಯಾಗ ಧೂಪಾ ಹಾಕೀಯೇನು?" ಅಂದ್ಲು. ಅವಳು ಹೇಳಿದ್ದು ಸುಳ್ಳಲ್ಲ, ಫ್ಲಕ್ಸಿನಲ್ಲಿರೋದು ಮರದ ರಾಳಾನೇ, ವಾಸನೆ ಹತ್ತಿರ ಹತ್ತಿರ ಅದೇ.

ಮನೇಲಿ ಬೇರೆ ಒಪಿಎ ಇರ್ಲಿಲ್ಲ, ಎನ್‌ಇ5532 ಅನ್ನೋ ಇನ್ನೊಂದು ಆಪ್-ಆಂಪ್ ಇತ್ತು, ಕಾಲುಗಳೆಲ್ಲ ಅದೇ ಜಾಗ, ಅದನ್ನೇ ಹಾಕ್ದೆ. ಮೀಟರ್ ನೋಡಿ ಎದೆ ಧಸಕ್ ಅಂತು. ಎಡಕ್ಕೆ ಮೈನಸ್ 1.5 ವೋಲ್ಟು, ಬಲಕ್ಕೆ ಮೈನಸ್ 1.1! ಚೆನ್ನಾಗಿದ್ದ ಬಲಗಡೆನೂ ಕೆಟ್ಟೋಯ್ತಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಆದ್ರೆ ಕೆಟ್ಟಿರ್ಲಿಲ್ಲ, ನನ್ನ ದಡ್ಡತನ. ಒಪಿಎ2134ರ ಇನ್‌ಪುಟ್ಟಲ್ಲಿ ಫೆಟ್ ಅನ್ನೋ ಜಾತಿಯ ಟ್ರಾನ್ಸಿಸ್ಟರ್ ಇದೆ, ಅದು ಕರೆಂಟನ್ನ ಮೂಸಿನೂ ನೋಡಲ್ಲ. 5532ರ ಇನ್‌ಪುಟ್ಟಲ್ಲಿರೋದು ಮಾಮೂಲಿ ಟ್ರಾನ್ಸಿಸ್ಟರ್, ಅದು ಸಾಮಾನ್ಯವಾಗಿ 200 ನ್ಯಾನೋಆಂಪ್ ಕುಡಿಯುತ್ತೆ. ಆ 200 ನ್ಯಾನೋ ನನ್ನ ಒಂದು ಮೆಗಾ ಮೂಲಕ ಬರ್ಬೇಕು, ಅಂದ್ರೆ ಅಲ್ಲೇ 200 ಮಿಲಿವೋಲ್ಟ್ ಹೋಯ್ತು, ಅದನ್ನ 5.7 ಪಟ್ಟು ಮಾಡಿದ್ರೆ 1.1 ವೋಲ್ಟು. ಬಲಗಡೆಯ ಲೆಕ್ಕ ಕರೆಕ್ಟಾಗಿ ಅಷ್ಟೇ. ಅಂದ್ರೆ ಚಿಪ್ ಸರಿಯಾಗೇ ಇದೆ, ನನ್ನ ರೆಸಿಸ್ಟರ್ ಅದಕ್ಕೆ ತಕ್ಕದ್ದಲ್ಲ. ಇದನ್ನ ತಿಳ್ಕೊಳ್ಳೋಕೆ ನನಗೆ ಮೂರು ದಿನ ಹಿಡೀತು. ದಿನಾ ಬೆಳಿಗ್ಗೆಯಿಂದ ಸಂಜೆ ತನಕ ಎರಡು ಅಂಕಿ ನಡುವಿನ ವ್ಯತ್ಯಾಸ ಹುಡುಕೋದೇ ನನ್ನ ಕೆಲಸ, ಆದ್ರೂ 1.5ರಲ್ಲಿ 1.1 ಕಳೆದ್ರೆ ಅದೇ ಹಳೇ 0.4 ಅಲ್ಲೇ ಕೂತಿದೆ ಅನ್ನೋದು ಕಣ್ಣಿಗೆ ಬೀಳ್ಲಿಲ್ಲ ನೋಡಿ. ಚಿಪ್ ಬದಲಾದ್ರೂ ಎಡ ಬಲದ ಅಂತರ ಬದಲಾಗಿಲ್ಲ ಅಂದ್ಮೇಲೆ ತಪ್ಪು ಚಿಪ್ಪಲ್ಲಿಲ್ಲ, ಬೋರ್ಡಲ್ಲಿದೆ!

ಹಳೇ ಒಪಿಎಯನ್ನೇ ವಾಪಸ್ ಹಾಕ್ದೆ, ಮತ್ತೆ ಪೇಸ್ಟ್ ಮೆತ್ತಿ. ಬೋರ್ಡ್ ಅಂಟಂಟಾಗಿತ್ತು, ತೊಳೆಯೋಣ ಅಂತ ಕೋವಿಡ್ ಕಾಲದ ಹಳೇ ಸ್ಯಾನಿಟೈಸರ್ ಬಾಟಲಿ ತಗೊಂಡೆ, ಅದೂ ಆಲ್ಕೋಹಾಲೇ ಅಲ್ವಾ ಅಂತ. ಯಾರೂ ಹೀಗೆ ಮಾಡ್ಬೇಡಿ. ಕೈ ಒಣಗದಿರ್ಲಿ ಅಂತ ಸ್ಯಾನಿಟೈಸರ್‌ಗೆ ಗ್ಲಿಸರಿನ್ ಹಾಕ್ತಾರೆ, ಗ್ಲಿಸರಿನ್ನು ಗಾಳೀಲಿರೋ ತೇವಾನ ಕುಡೀತಾ ಕೂತಿರುತ್ತೆ. ಆವತ್ತು ಮೀಟರ್ ಒಂದು ವೋಲ್ಟ್ ದಾಟಿತು.

ಇದರ ನಡುವೆ ಒಂದಿನ ಡಬ್ಬೀನ ಆಫೀಸಿಗೆ ಒಯ್ದಿದ್ದೆ, ಅಲ್ಲೊಬ್ಬ ಗೆಳೆಯನ ಹತ್ರ ಒಳ್ಳೇ ಮೀಟರ್ ಇದೆ ಅಂತ. ಮಧ್ಯಾಹ್ನ ನೋಡಿದ್ರೆ ಎಡಕ್ಕೆ ಮೈನಸ್ 30. ಚರಚರ ಇಲ್ಲವೇ ಇಲ್ಲ. ಮನೇಲಿ ರಾತ್ರಿಯಿಡೀ ಜ್ವರ ಅಂತ ಅಳೋ ಮಗು ಡಾಕ್ಟರ್ ಮುಂದೆ ಕೂರಿಸಿದ್ರೆ ನಗ್ತಾ ಆಡುತ್ತಲ್ಲ, ಹಾಗೆ. ಗೆಳೆಯ ನನ್ನನ್ನೇ ಒಂಥರಾ ನೋಡ್ದ. ಮನೆಗೆ ತಂದೆ, ರಾತ್ರಿ ಹತ್ತಕ್ಕೆ ಮತ್ತೆ 400. ಆಫೀಸಿಗೂ ಮನೆಗೂ ಏನು ವ್ಯತ್ಯಾಸ? ಬ್ಯಾಟರಿ ಅದೇ, ಹೆಡ್‌ಫೋನ್ ಅದೇ. ನನ್ನ ಟೇಬಲ್ಲಿನ ಮೇಲ್ಗಡೆ ಅಡ್ಡಡ್ಡ ಹಗ್ಗ, ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಎರಡು ಬೆಡ್‌ಶೀಟು, ಟವೆಲ್ಲು, ಕೆಳಗೆ ಫ್ಯಾನು ತಿರುಗ್ತಾ ಇದೆ. ಜುಲೈ ತಿಂಗಳ ಡೊಂಬಿವಲಿ ಮನೆ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳ್ಬೇಕಾಗಿಲ್ಲ, ಉಪ್ಪಿನ ಡಬ್ಬೀಲಿ ಉಪ್ಪು ನೀರಾಗಿರುತ್ತೆ, ಹಪ್ಪಳ ಕರಿದು ತಟ್ಟೆಗೆ ಹಾಕೋದ್ರೊಳಗೆ ಮೆತ್ತಗೆ. ಆಫೀಸಲ್ಲಿ ದಿನವಿಡೀ ಎಸಿ.

ಬಲ್ಬ್ ಹತ್ತಿಕೊಂಡಿದ್ದು ಆವಾಗ. ಬೋರ್ಡನ್ನ ತಾಟಿನಲ್ಲಿಟ್ಟು, ಎಡ ಔಟ್‌ಪುಟ್ಟಿಗೆ ಮೀಟರ್ ಕಚ್ಚಿಸಿ, ಬಗ್ಗಿ ಚಿಪ್ಪಿನ ಮೇಲೆ ಕನ್ನಡಕದ ಗಾಜಿಗೆ ಊದ್ತೀವಲ್ಲ ಹಾಗೆ ಬಾಯ್ತೆರೆದು ಹಾ ಅಂತ ಬಿಸಿಯುಸಿರು ಬಿಟ್ಟೆ. 410 ಇದ್ದದ್ದು 600, 750, 900 ತನಕ ಓಡ್ತು, ಎರಡು ಮೂರು ಸೆಕೆಂಡ್ ನಿಂತು ಮೆಲ್ಲಗೆ ಇಳೀತು. ಮತ್ತೆ ಹಾ. ಮತ್ತೆ 900. ಹೆಂಡತಿಯ ಹೇರ್ ಡ್ರೈಯರ್ ತಂದು ದೂರದಿಂದ ಬಿಸಿಗಾಳಿ ಕೊಟ್ಟೆ, 300, 120, 40. ಹೀಗೆ ಬಾಯಿಂದ ಏರಿಸೋದು ಡ್ರೈಯರಿಂದ ಇಳಿಸೋದು ಮಾಡ್ತಾ ಅರ್ಧ ಗಂಟೆ ಆಟ ಆಡಿದೆ, ಅಷ್ಟು ಖುಷಿ.

ಈಗ ಚಿಪ್ಪಿನ ಕಾಲುಗಳನ್ನ ನೋಡಿ. 3ನೇ ಕಾಲು ಎಡ ಚಾನೆಲ್ಲಿನ ಇನ್‌ಪುಟ್ಟು. ಅದರ ಪಕ್ಕದ 4ನೇದು ಮೈನಸ್ 9 ವೋಲ್ಟು. ಬಲ ಚಾನೆಲ್ಲಿನ ಇನ್‌ಪುಟ್ಟು 5ನೇದು, ಅದು ಎದುರು ಸಾಲಿನ ಮೂಲೇಲಿ, ಅದರ ಪಕ್ಕದಲ್ಲಿರೋದು 6ನೇದು ಮಾತ್ರ, ಅದು ಬಲ ಚಾನೆಲ್ಲಿನದೇ ಇನ್ನೊಂದು ಇನ್‌ಪುಟ್ಟು, ಪಾಪದ್ದು. ಹಾಗಾಗಿ ಕಾಲುಗಳ ನಡುವೆ ಸೋರಿಕೆ ಆದ್ರೆ ಪೆಟ್ಟು ಬೀಳೋದು ಎಡಕ್ಕೇ, ಮತ್ತೆ ಯಾವಾಗ್ಲೂ ಮೈನಸ್ ಕಡೆಗೇ. ಮೊದಲ ದಿನವೇ ಮೀಟರ್ ಮೈನಸ್ ಅಂತ ಕೂಗಿ ಹೇಳ್ತಿತ್ತು, ನಾನು ಅಂಕಿ ನೋಡ್ದೆ, ಚಿಹ್ನೆ ನೋಡ್ಲಿಲ್ಲ.

ಲೆಕ್ಕಾನೂ ಕೂರುತ್ತೆ. ಔಟ್‌ಪುಟ್ 380 ಅಂದ್ರೆ ಇನ್‌ಪುಟ್ಟಲ್ಲಿ 67 ಮಿಲಿವೋಲ್ಟು, ಒಂದು ಮೆಗಾದಲ್ಲಿ ಅದು 67 ನ್ಯಾನೋಆಂಪ್. 9 ವೋಲ್ಟಿಂದ ಅಷ್ಟು ಕರೆಂಟ್ ಬರ್ಬೇಕಾದ್ರೆ ನಡುವೆ ಸುಮಾರು 134 ಮೆಗಾಓಮ್ ಇರ್ಬೇಕು. ನಮ್ಮಂಥವರ ಮೀಟರ್ 40, ಹೆಚ್ಚಂದ್ರೆ 60 ಮೆಗಾ ತನಕ ಅಳೆಯುತ್ತೆ, ಅದರಾಚೆ ಏನೂ ಕನೆಕ್ಷನ್ ಇಲ್ಲ ಅನ್ನುತ್ತೆ. ಬೀಪ್ ಇಟ್ಟು ನೋಡಿ ಶಾರ್ಟ್ ಇಲ್ಲ ಅಂತ ಹತ್ತು ಸಲ ಖಾತ್ರಿ ಮಾಡ್ಕೊಂಡಿದ್ದೆ ನಾನು! ಇನ್ನೊಂದು ತಮಾಷೆ, 3ನೇ ಕಾಲಿಗೆ ನೇರವಾಗಿ ಮೀಟರ್ ಇಟ್ರೆ 67 ಬರ್ಲಿಲ್ಲ, 61 ಬಂತು. 6 ಮಿಲಿವೋಲ್ಟ್ ತಾಳೆ ಆಗದೆ ನನಗೆ ನಿದ್ದೆ ಬರ್ಲಿಲ್ಲ, ವೃತ್ತಿ ದೋಷ. ಆಮೇಲೆ ಹೊಳೀತು, ಮೀಟರ್ರೇ 10 ಮೆಗಾಓಮ್, ಅದನ್ನ ಒಂದು ಮೆಗಾ ಪಕ್ಕ ಇಟ್ಟ ಕೂಡ್ಲೇ ಅದೂ ಕರೆಂಟಲ್ಲಿ ಪಾಲು ಕೇಳುತ್ತೆ, ಹನ್ನೊಂದರಲ್ಲಿ ಒಂದು ಪಾಲು. 67ರಲ್ಲಿ ಅಷ್ಟು ಕಳೆದ್ರೆ 61. ತಾಳೆ ಆಯ್ತು, ಮಲ್ಕೊಂಡೆ.

ಸೋರಿಕೆ ಮಾಡ್ತಿದ್ದದ್ದು ನನ್ನ ಪ್ರೀತಿಯ ಫ್ಲಕ್ಸ್ ಪೇಸ್ಟೇ. ಡಬ್ಬಿ ಮೇಲೆ ತೊಳೆಯೋ ಅಗತ್ಯ ಇಲ್ಲ ಅಂತ ಬರೆದಿತ್ತು. ಅದು ಪೂರ್ತಿ ಬಿಸಿಯಾದ ಫ್ಲಕ್ಸಿಗೆ ಹೇಳೋ ಮಾತು. ಫ್ಲಕ್ಸಲ್ಲಿ ಲೋಹದ ಮೇಲಿನ ಕಿಲುಬು ತಿನ್ನೋಕೆ ಆಮ್ಲದಂಥದ್ದು ಇರುತ್ತೆ, ಸರಿಯಾಗಿ ಕಾದ್ರೆ ಅದರ ಶಕ್ತಿ ಹೋಗುತ್ತೆ. ನಾನು ತುಪ್ಪ ಬಡಿಸಿದ ಹಾಗೆ ಮೆತ್ತಿದ್ದರಲ್ಲಿ ಕಾದದ್ದು ಅಂಚಿನ ಚೂರು, ಉಳಿದದ್ದು ಕರಗಿ ಚಿಪ್ಪಿನ ಹೊಟ್ಟೆ ಕೆಳಗೆ ಹರಿದು ಹಾಗೇ ಹಸಿ ಕೂತಿತ್ತು. ಮೇ ತಿಂಗಳಲ್ಲಿ ಒಣಗಿದ್ದಾಗ ಸುಮ್ಮನಿತ್ತು, ತೇವ ಕುಡಿದ ಮೇಲೆ ಕರೆಂಟಿಗೆ ದಾರಿ ಬಿಡ್ತು. ಸಂಕಟ ಏನಂದ್ರೆ ಕೆಪಾಸಿಟರ್ ಬದಲಿಸಿದಾಗ ಪೇಸ್ಟ್, ಚಿಪ್ ಬಿಚ್ಚುವಾಗ ಪೇಸ್ಟ್, ಹಾಕುವಾಗ ಪೇಸ್ಟ್, ನಾನು ಕೊಟ್ಟ ಒಂದೊಂದು ಔಷಧಾನೂ ರೋಗಕ್ಕೇ ಊಟ ಆಗ್ತಿತ್ತು.

ತೊಳೆದದ್ದು 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ. ಚಿಪ್ಪಿನ ಕೆಳಗಿನ ಸಂದಿ ಉಗುರಿನ ದಪ್ಪವೂ ಇಲ್ಲ, ಬ್ರಷ್ ಹೋಗಲ್ಲ. ಬಟ್ಟಲಲ್ಲಿ ಬೋರ್ಡ್ ಮುಳುಗಿಸಿ ಹತ್ತು ನಿಮಿಷ ಬಿಟ್ಟು, ಹಳೇ ಟೂತ್ ಬ್ರಷ್ಷಲ್ಲಿ ಕಾಲುಗಳನ್ನ ಉಜ್ಜಿ, ಸಿರಿಂಜಲ್ಲಿ ಹೊಸ ಆಲ್ಕೋಹಾಲ್ ತುಂಬಿ ಒಂದು ಬದಿಯಿಂದ ಚಿಪ್ಪಿನ ಕೆಳಗೆ ಹಾಯಿಸ್ದೆ, ಇನ್ನೊಂದು ಬದಿಯಿಂದ ಹಳದಿ ನೀರು ಬಂತು. ಚಹಾ ತೊಳೆದ ನೀರಿನ ಹಾಗೆ. ತಿಳಿ ನೀರು ಬರೋ ತನಕ ಮೂರು ಸಲ. ಕಿಟಕಿ ತೆಗೆದಿಡಿ, ಐರನ್ನು ಆರಿಸಿಡಿ, ಅದು ಬೆಂಕಿ ಹಿಡಿಯೋ ಸಾಮಾನು. ಒಣಗಿಸಿ ಮೀಟರ್ ಇಟ್ರೆ ಎಡಕ್ಕೆ ಮೈನಸ್ 3. ಹಾ ಅಂದೆ. ಮೈನಸ್ 5 ಆಗಿ ವಾಪಸ್ 3.

ಅಷ್ಟಕ್ಕೇ ಬಿಡ್ಲಿಲ್ಲ. 105 ತೆಗೆದು 104 ಹಾಕ್ದೆ, ಅಂದ್ರೆ 100 ಕೆ, ನಾಳೆ ಮತ್ತೆ ಅಷ್ಟೇ ಸೋರಿದ್ರೂ ಪರಿಣಾಮ ಹತ್ತನೇ ಒಂದು. ಬಾಸ್ ಹೋಗದ ಹಾಗೆ ಕೆಪಾಸಿಟರ್ 1 ಮೈಕ್ರೋ ಫಿಲ್ಮ್ ಜಾತಿದು, ಅದಕ್ಕೆ ಟಿಣ್ ಅನ್ನೋ ರೋಗಾನೂ ಇಲ್ಲ. ಅದು ದಪ್ಪ, ಡಬ್ಬಿ ಮುಚ್ಚಳ ಈಗ ಪೂರ್ತಿ ಕೂರಲ್ಲ, ರಬ್ಬರ್ ಬ್ಯಾಂಡ್ ಹಾಕಿದೀನಿ. ಮುಂದಿನ ಬೋರ್ಡಲ್ಲಿ 3ನೇ ಕಾಲಿನ ಸುತ್ತ ಒಂದು ತಾಮ್ರದ ಬೇಲಿ ಹಾಕಿ 2ನೇ ಕಾಲಿಗೆ ಜೋಡಿಸೋ ಪ್ಲಾನ್ ಇದೆ, ಎರಡರಲ್ಲೂ ಹತ್ತಿರ ಹತ್ತಿರ ಒಂದೇ ವೋಲ್ಟೇಜ್ ಇರೋದ್ರಿಂದ 4ನೇದರಿಂದ ಸೋರಿ ಬಂದದ್ದನ್ನ ಬೇಲಿಯೇ ನುಂಗಿಕೊಳ್ಳುತ್ತೆ.

ಫಿಲ್ಮ್ ಕೆಪಾಸಿಟರ್ ತರೋಕೆ ಅದೇ ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿದ್ದ ಕಾಕಾ "ವೋ ಚಿಪ್ ಚಲಾ ನಾ?" ಅಂತ ಕೇಳಿದ್ರು, ಚಲಾ ಚಲಾ ಅಂದು, ತಪ್ಪು ಕಾಣಿಕೆ ಅಂತ ಬೇಡದಿದ್ರೂ ಇನ್ನೂ ಎರಡು ಒಪಿಎ2134 ತಗೊಂಡು ಬಂದೆ. ಸ್ಯಾನಿಟೈಸರ್ ಬಾಟಲಿ ಅಮ್ಮ ಎತ್ತಿಟ್ಕೊಂಡಿದಾಳೆ. ಬೆಡ್‌ಶೀಟು ಇನ್ನೂ ಒಣಗಿಲ್ಲ, ತಲೆ ಮೇಲೇ ತೂಗ್ತಾ ಇದೆ, ಅದರ ಕೆಳಗೇ ಕೂತು ಇದನ್ನ ಬರೀತಿದೀನಿ, ಎಡಗಿವೀಲಿ ತಂಬೂರಿ ಬಿಟ್ರೆ ಏನಿಲ್ಲ.